ಬ್ಲೂಗ್ರಾಸ್ ಜಾಮಿನಲ್ಲಿ ನನ್ನ ಕುರ್ಚಿ

(ಮೈಸೂರಿನಲ್ಲಿ ಸಂಗೀತಪ್ರಿಯರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮ್ಯಾಂಡೊಲಿನ್ ನುಡಿಸಿ ತೋರಿಸಿದ ಕಡೆ ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಸಂಗೀತಗಾರ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಇರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಕ್ಯಾರಿಯಲ್ಲಿ. ರಾಜಧಾನಿ ರಾಲಿಗೆ ಅಂಟಿಕೊಂಡ ಊರು. ಅಲ್ಲಿ ವೆಂಕಟೇಶ್ವರನ ದೇವಸ್ಥಾನ ಇದೆ, ಕನ್ನಡ ಕೂಟ ಇದೆ, ಶನಿವಾರ ತರಕಾರಿ ತರಲು ಹೋದರೆ ಕನ್ನಡ ಕಿವಿಗೆ ಬಿದ್ದೇ ಬೀಳುತ್ತದೆ. ಕರ್ನಾಟಕ ಸಂಗೀತದ ಕಛೇರಿಗಳಿಗೂ ಬರ ಇಲ್ಲ. ಅದನ್ನೆಲ್ಲ ಬಿಟ್ಟು ನಾನು ವಾರಕ್ಕೊಂದು ಸಂಜೆ ಮ್ಯಾಂಡೊಲಿನ್ ಹಿಡಿದುಕೊಂಡು ಪಕ್ಕದ ಕೌಂಟಿಯ ಸಣ್ಣ ಊರೊಂದರ ವಾದ್ಯದಂಗಡಿಗೆ ಹೋಗುತ್ತೇನೆ. ಅಲ್ಲಿ ಬ್ಲೂಗ್ರಾಸ್ ಎಂಬ ಅಮೆರಿಕದ ಸಂಗೀತದ ಜಾಮ್, ಅಂದರೆ ಸುತ್ತ ಕೂತು ಒಟ್ಟಿಗೆ ನುಡಿಸುವ ಕೂಟ, ನಡೆಯುತ್ತದೆ. ಆ ಜನ ಅಂದರೆ ನನಗೆ ತುಂಬಾ ಇಷ್ಟ. ಅವರ ಮೇಲೆ ಸಿಟ್ಟೂ ಇದೆ. ಇಷ್ಟ ಜಾಸ್ತಿಯಾದಾಗ ಸಿಟ್ಟು ಕಡಿಮೆಯಾಗುತ್ತದೆ ಅಂತೇನೂ ಇಲ್ಲ. ಅದರ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ.

ಬ್ಲೂಗ್ರಾಸ್ ಕೇಳಿಯೇ ಇಲ್ಲದವರಿಗೆ ಸ್ವಲ್ಪ ಪರಿಚಯ. ಗಿಟಾರ್, ಐದು ತಂತಿಯ ಬ್ಯಾಂಜೋ, ಮ್ಯಾಂಡೊಲಿನ್, ಫಿಡಲ್, ನಿಂತುಕೊಂಡು ನುಡಿಸುವ ದೊಡ್ಡ ಬಾಸ್. ಫಿಡಲ್ ಅಂದರೆ ನಮ್ಮ ಪಿಟೀಲೇ. ಕೆಲವು ಕಡೆ ಡೊಬ್ರೊ ಎಂಬ, ಅಡ್ಡ ಮಲಗಿಸಿ ನುಡಿಸುವ ಗಿಟಾರ್ ಕೂಡ ಇರುತ್ತದೆ. ಕರೆಂಟಿನ ವಾದ್ಯ ಇಲ್ಲ. ಡ್ರಮ್ ಇಲ್ಲ. ವೇಗ ವಿಪರೀತ. ಹಾಡುವ ದನಿ ಎತ್ತರದ್ದು, ಸ್ವಲ್ಪ ಮೂಗಿನದ್ದು, ನಯ ಮಾಡದೆ ಬಿಟ್ಟದ್ದು. ಮುಖ್ಯ ರಾಗದ ಮೇಲೊಂದು, ಕೆಳಗೊಂದು ದನಿ ಸೇರಿ ಮೂರು ಜನ ಹಾಡಿದರೆ ಮೈ ಜುಮ್ಮೆನ್ನುತ್ತದೆ.

ಇಂಥವರು ಶುರು ಮಾಡಿದರು ಅಂತ ಬೆರಳು ಮಾಡಿ ತೋರಿಸಬಹುದಾದ ಸಂಗೀತ ಪ್ರಕಾರಗಳು ಕಡಿಮೆ. ಇದು ಅಂಥದ್ದು. ಕೆಂಟಕಿಯ ರೋಸೀನ್ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ತಮ್ಮ ತಂಡಕ್ಕೆ ಬ್ಲೂ ಗ್ರಾಸ್ ಬಾಯ್ಸ್ ಅಂತ ಹೆಸರಿಟ್ಟರು. 1939ರಲ್ಲಿ ತಂಡ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ರೇಡಿಯೋ ಕಾರ್ಯಕ್ರಮ ಸೇರಿತು. 1945ರ ಡಿಸೆಂಬರಿನಲ್ಲಿ ನಮ್ಮ ನಾರ್ತ್ ಕ್ಯಾರೊಲೈನಾದ ಅರ್ಲ್ ಸ್ಕ್ರಗ್ಸ್ ಎಂಬ 21 ವರ್ಷದ ಹುಡುಗ ಬ್ಯಾಂಜೋ ಹಿಡಿದು ತಂಡಕ್ಕೆ ಬಂದ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರಲ್ಲೂ ನುಡಿಸುತ್ತಿದ್ದ. ಬೆರಳು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಅಂತ ಕೇಳುವವರಿಗೆ ಗೊತ್ತಾಗುತ್ತಿರಲಿಲ್ಲ. ಮನ್ರೋ, ಸ್ಕ್ರಗ್ಸ್, ಹಾಡುಗಾರ ಲೆಸ್ಟರ್ ಫ್ಲಾಟ್ ಒಟ್ಟಿಗಿದ್ದದ್ದು 1948ರವರೆಗೆ ಮಾತ್ರ. ಬ್ಲೂಗ್ರಾಸ್ ಅಂತ ಇವತ್ತು ಜಗತ್ತಿನಲ್ಲಿ ಎಲ್ಲಿ ನುಡಿಸಿದರೂ ಆ ಎರಡು ಮೂರು ವರ್ಷದ ಅಚ್ಚು ಅದರಲ್ಲಿ ಕಾಣುತ್ತದೆ.

ಅಂದರೆ ವಯಸ್ಸು ಎಂಬತ್ತು ಚಿಲ್ಲರೆ. ನಮ್ಮ ಜಾಮಿನ ಕೆಲವು ಸದಸ್ಯರಿಗೂ ಅಷ್ಟೇ ವಯಸ್ಸು. ಆದರೆ ಅವರ ಮಾತು ಕೇಳಿದರೆ ಇದು ಬೆಟ್ಟದ ಹಳ್ಳಿಯ ಜಗಲಿಗಳಲ್ಲಿ ಅನಾದಿಯಿಂದ ಹರಿದು ಬಂದದ್ದು ಅನ್ನಿಸಬೇಕು. ಹಳೇ ಫಿಡಲ್ ಮಟ್ಟುಗಳ ಮಟ್ಟಿಗೆ ಅದು ನಿಜ. ಉಳಿದದ್ದನ್ನು ನೋಡಿ. ಮನ್ರೋ ಹದಿನೆಂಟಕ್ಕೆ ಊರು ಬಿಟ್ಟು ಇಂಡಿಯಾನಾದ ತೈಲ ಶುದ್ಧೀಕರಣ ಘಟಕ ಸೇರಿದರು, ಎಣ್ಣೆ ಪೀಪಾಯಿ ತೊಳೆದರು. ಸ್ಕ್ರಗ್ಸ್ ಷೆಲ್ಬಿ ಪಟ್ಟಣದ ನೂಲಿನ ಗಿರಣಿಯಲ್ಲಿ ದುಡಿದವರು. ಹೇಜಲ್ ಡಿಕೆನ್ಸ್ ವೆಸ್ಟ್ ವರ್ಜೀನಿಯಾದ ಗಣಿ ಊರಿನಿಂದ ಬಾಲ್ಟಿಮೋರಿನ ಕಾರ್ಖಾನೆಗಳಿಗೆ ಬಂದು, ಅಲ್ಲಿಂದ ಹಾಡುಗಾರ್ತಿಯಾದವರು. ಇದು ಕೆಲಸ ಹುಡುಕಿಕೊಂಡು ಊರು ಬಿಟ್ಟವರ ಸಂಗೀತ. ರೇಡಿಯೋ ಅದನ್ನು ಸಾಕಿತು. ಹಾಡುಗಳಲ್ಲಿ ಮತ್ತೆ ಮತ್ತೆ ಬರುವುದು ಬಿಟ್ಟು ಬಂದ ಮನೆ, ತೀರಿಕೊಂಡ ಅಪ್ಪ ಅಮ್ಮ, ದೂರ ಹೋಗುವ ರೈಲು. ಎಚ್-1ಬಿ ವೀಸಾದಲ್ಲಿ ಹೋದವನಿಗೆ ಇದನ್ನು ಯಾರೂ ಕೂರಿಸಿ ವಿವರಿಸಬೇಕಾಗಿಲ್ಲ. ಅಮ್ಮನ ಸಮಾಧಿಯ ಹಾಡು ಬಂದಾಗ ನಾನು ಆ ಕುರ್ಚಿಯಲ್ಲಿ ಅತಿಥಿ ಅಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಈಗ ಜಾಮ್ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು.

ಅಂಗಡಿ ಮುಚ್ಚಿದ ಮೇಲೆ ಗಿಟಾರ್ ಸ್ಟ್ಯಾಂಡುಗಳನ್ನು ಗೋಡೆಗೆ ಸರಿಸಿ, ಮಡಚುವ ಕುರ್ಚಿಗಳನ್ನು ದುಂಡಗೆ ಹಾಕುತ್ತಾರೆ. ಹತ್ತು ಹನ್ನೆರಡು ಜನ. ಯಾರ ಮುಂದೆಯೂ ಪುಸ್ತಕ ಇಲ್ಲ, ಫೋನ್ ಇಲ್ಲ. ಸರದಿ ಬಂದವರು ಹಾಡಿನ ಹೆಸರು ಹೇಳುತ್ತಾರೆ, ಯಾವ ಕೀ, ಅಂದರೆ ಯಾವ ಶ್ರುತಿ ಅಂತ ಹೇಳುತ್ತಾರೆ, ಶುರು. ಹಾಡು ಗೊತ್ತಿಲ್ಲದಿದ್ದರೆ ಗಿಟಾರಿನವರ ಎಡಗೈ ನೋಡಿ ಹಿಡಿದುಕೊಳ್ಳಬೇಕು. ಒಂದು ಚರಣ, ಒಂದು ಪಲ್ಲವಿ, ಆಮೇಲೆ ಒಬ್ಬರ ಬ್ರೇಕ್. ಬ್ರೇಕ್ ಅಂದರೆ ಒಂದು ಸುತ್ತು ಒಬ್ಬರೇ ಮುಂದೆ ಬಂದು ನುಡಿಸುವುದು. ಹಾಡುವವರು ಯಾರ ಕಡೆ ತಲೆ ಆಡಿಸುತ್ತಾರೋ ಅವರದು. ಬೇಡ ಅನ್ನಿಸಿದರೆ ಕಣ್ಣಲ್ಲೇ ಬೇಡ ಅಂದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಬ್ಬರು ಬ್ರೇಕ್ ನುಡಿಸುವಾಗ ಉಳಿದವರು ತಗ್ಗಬೇಕು. ಹಾಡು ಮುಗಿಸುವ ಹೊತ್ತಿಗೆ ಹಾಡುವವರು ಒಂದು ಕಾಲು ಎತ್ತುತ್ತಾರೆ. ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಯಾವತ್ತೂ ಭೇಟಿಯಾಗದ ಐದು ಜನ ಈ ನಿಯಮಗಳ ಮೇಲೆ ಎಲ್ಲಾದರೂ ಸೇರಿ ನುಡಿಸಬಹುದು. ಬೇರೆ ಊರಿಗೆ ಆಫೀಸಿನ ಕೆಲಸಕ್ಕೆ ಹೋದಾಗ ನಾನೂ ಹಾಗೆ ನುಡಿಸಿದ್ದೇನೆ.

ನಾನು ಜಾಸ್ತಿ ಹೊತ್ತು ಮಾಡುವುದು ಬ್ರೇಕ್ ಅಲ್ಲ, ಚಾಪ್. ಒಂದು-ಎರಡು-ಮೂರು-ನಾಲ್ಕು ಅಂತ ಎಣಿಸಿದರೆ ಒಂದು ಮತ್ತು ಮೂರಕ್ಕೆ ಬಾಸ್. ಎರಡು ಮತ್ತು ನಾಲ್ಕಕ್ಕೆ ಮ್ಯಾಂಡೊಲಿನ್. ಎಡಗೈಯ ನಾಲ್ಕು ಬೆರಳಿನಲ್ಲಿ ನಾಲ್ಕು ಜೋಡಿ ತಂತಿಯನ್ನೂ ಒತ್ತಿ, ಬಲಗೈ ಬೀಸಿ ಹೊಡೆದು, ಆ ಕ್ಷಣವೇ ಎಡಗೈಯ ಒತ್ತು ಬಿಡಬೇಕು. ಬೆರಳು ತಂತಿಯಿಂದ ಏಳಬಾರದು, ಒತ್ತು ಮಾತ್ರ ಹೋಗಬೇಕು. ಆಗ ಸ್ವರ ಅಲ್ಲೇ ಸತ್ತು 'ಚಕ್' ಅನ್ನುವ ಸದ್ದು ಉಳಿಯುತ್ತದೆ. (ನುಡಿಸಿ ತೋರಿಸಿದೆ.) ಕೇಳಿದಿರಲ್ಲ, ಇದೇ ಈ ಸಂಗೀತದ ಡ್ರಮ್. ವೇಗ ಏರಿದ ಹಾಗೆಲ್ಲ ಕೈ ಮುಂದಕ್ಕೆ ಓಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದೇ ವಿದ್ಯೆ.

ಇದನ್ನು ನನಗೆ ಹೇಳಿಕೊಟ್ಟದ್ದು ಜಾಮಿನ ಬ್ಯಾಂಜೋ ಅಜ್ಜ. ಎಂಬತ್ತರ ಹತ್ತಿರ ಇದ್ದಾರೆ, ತಂಬಾಕು ಬೆಳೆದ ಮನೆತನ. ಹೊಸದರಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: 'ನಿನ್ನ ಬ್ರೇಕು ಚೆನ್ನಾಗಿದೆಯೋ ಇಲ್ವೋ ಯಾರೂ ತಲೆ ಕೆಡಿಸಿಕೊಳ್ಳಲ್ಲ ಮಗಾ. ಚಾಪ್ ಸರಿಯಾಗಿದ್ರೆ ಎಲ್ರೂ ನಿನ್ನ ಪಕ್ಕ ಕೂರೋಕೆ ಬರ್ತಾರೆ.' ಎಷ್ಟೋ ತಿಂಗಳು ಅವರು ನನ್ನ ಮುಖ ನೋಡದೆ, ಬಲಗೈ ನೋಡುತ್ತಾ ನುಡಿಸಿದರು. ಕೈ ಓಡಿದಾಗ ಬ್ಯಾಂಜೋ ನಿಲ್ಲಿಸದೆ 'ಹೂಂ' ಅನ್ನುತ್ತಿದ್ದರು. ಅಷ್ಟೇ ಪಾಠ.

ಒಮ್ಮೆ ನನ್ನ ಮ್ಯಾಂಡೊಲಿನ್ ಎಷ್ಟು ಶ್ರುತಿ ಮಾಡಿದರೂ ಮೇಲಿನ ಸ್ವರಗಳಲ್ಲಿ ಅಪಸ್ವರ ಬರುತ್ತಿತ್ತು. ಮ್ಯಾಂಡೊಲಿನ್ನಿನ ಕುದುರೆಯನ್ನು, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡನ್ನು, ಅಂಟಿಸಿರುವುದಿಲ್ಲ. ತಂತಿಗಳ ಒತ್ತಿನ ಮೇಲೇ ನಿಂತಿರುತ್ತದೆ. ಕೂದಲೆಳೆಯಷ್ಟು ಸರಿದರೂ ಕೆಟ್ಟಿತು. ಅಜ್ಜ ಅಂಗಡಿಯ ಕೌಂಟರ್ ಮೇಲೆ ಟವೆಲ್ ಹಾಸಿ ವಾದ್ಯವನ್ನು ಮಲಗಿಸಿದರು. ಹನ್ನೆರಡನೇ ಮೆಟ್ಟಿನ ಮೇಲೆ ತಂತಿಗೆ ಬೆರಳು ಸುಮ್ನೆ ಸೋಕಿಸಿ ಒಂದು ಸಲ ಮೀಟಿದರು, ಒತ್ತಿ ಇನ್ನೊಂದು ಸಲ ಮೀಟಿದರು. ಎರಡೂ ಒಂದೇ ಸ್ವರ ಆಗುವ ತನಕ ಕುದುರೆಯನ್ನು ಹೆಬ್ಬೆರಳಿನ ಉಗುರಿನಲ್ಲಿ ತಳ್ಳುತ್ತಾ ಹೋದರು. ಮೊದಲು ದಪ್ಪ ತಂತಿಯ ಕಡೆ, ಆಮೇಲೆ ಸಣ್ಣದರ ಕಡೆ, ಮತ್ತೆ ದಪ್ಪದ ಕಡೆ. ಟ್ಯೂನರ್ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ದುಡ್ಡು ಕೊಡಲು ಹೋದೆ, ಬೈದರು.

ಇಷ್ಟು ಒಳ್ಳೆಯವರು, ಹಾಗೇ ಇಷ್ಟು ಕಟ್ಟುನಿಟ್ಟು. ಒಮ್ಮೆ ಒಬ್ಬಾತ ಕಾಹೋನ್ ಹೊತ್ತು ತಂದ. ಮೇಲೆ ಕೂತು ಬಡಿಯುವ ಮರದ ಪೆಟ್ಟಿಗೆ. ಯಾರೂ ಏನೂ ಅನ್ನಲಿಲ್ಲ. ಒಂದು ಹಾಡು ಮುಗಿದ ಮೇಲೆ ಅಜ್ಜ ಬಹಳ ಮರ್ಯಾದೆಯಿಂದ ಕೇಳಿದರು: 'ಅದರ ಮೇಲೆ ಕೂರೋಕೆ ಆರಾಮಾಗಿದೆಯಾ?' ಆತ ಹೌದು ಅಂದ. 'ಹಾಗಾದ್ರೆ ಸುಮ್ನೆ ಕೂತಿರು.'

ನಾನು ಈ ವಿಷಯದಲ್ಲಿ ಪೂರ್ತಿ ಅಜ್ಜನ ಕಡೆ. ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಮುಂದೆ ನಾನು ದೂರುವುದನ್ನು ಕೇಳಿ, ಈತ ಎಲ್ಲಾ ನಿಯಮಗಳನ್ನೂ ಕಿತ್ತುಹಾಕಬೇಕು ಅನ್ನುವ ಪೈಕಿ ಅಂತ ಅಂದುಕೊಳ್ಳಬಾರದು. ಕಾಹೋನ್ ಬಂದರೆ ಬಾಸು, ಮ್ಯಾಂಡೊಲಿನ್ ಇಬ್ಬರ ಕೆಲಸವೂ ಹೋಗುತ್ತದೆ. ತಾಳವನ್ನು ಐದು ಜನ ಹಂಚಿಕೊಂಡು ಹೊರುವುದರಲ್ಲೇ ಈ ಸಂಗೀತದ ಬಿಗಿ ಇದೆ. ಒಬ್ಬರೇ ಹೊತ್ತರೆ ಉಳಿದವರು ಸಡಿಲ ಬಿಡುತ್ತಾರೆ. ಸದ್ದಿಗೆ ಸಂಬಂಧಪಟ್ಟ ನಿಯಮ ಎಷ್ಟು ಬಿಗಿಯಾಗಿದ್ದರೂ ನನ್ನ ತಕರಾರಿಲ್ಲ.

ಆದರೆ ಶುದ್ಧ, ಅಶುದ್ಧ ಅಂತ ಮಾತು ಶುರುವಾದರೆ ನಾನು ಎರಡು ಸಂಗತಿ ತೆಗೆಯುತ್ತೇನೆ. ಸ್ಕ್ರಗ್ಸ್ ಬರುವ ಮುಂಚೆ ಮನ್ರೋ ತಂಡದಲ್ಲಿ ಸ್ಯಾಲಿ ಆ್ಯನ್ ಫಾರೆಸ್ಟರ್ ಎಂಬ ಹೆಂಗಸು ಇದ್ದರು. ನುಡಿಸುತ್ತಿದ್ದದ್ದು ಅಕಾರ್ಡಿಯನ್. 1945ರ ಧ್ವನಿಮುದ್ರಿಕೆಗಳಲ್ಲಿ ಈಗಲೂ ಕೇಳಬಹುದು. ಇವತ್ತು ನಮ್ಮ ಜಾಮಿಗೆ ಅಕಾರ್ಡಿಯನ್ ತಂದರೆ ಬಾಗಿಲಲ್ಲೇ ತಡೆಯುತ್ತಾರೆ. ಇನ್ನೊಂದು: ಮನ್ರೋ 1946ರಲ್ಲಿ 'ಬ್ಲೂ ಮೂನ್ ಆಫ್ ಕೆಂಟಕಿ' ಎಂಬ ಹಾಡನ್ನು ನಿಧಾನವಾದ ಮೂರು ಪೆಟ್ಟಿನ ವಾಲ್ಟ್ಸ್ ತಾಳದಲ್ಲಿ ಹಾಡಿದರು. 1954ರಲ್ಲಿ ಎಲ್ವಿಸ್ ಪ್ರೆಸ್ಲಿ ಎಂಬ ಹೊಸ ಹುಡುಗ ಅದನ್ನು ನಾಲ್ಕು ಪೆಟ್ಟಿಗೆ ಓಡಿಸಿದ. ಮನ್ರೋ ಸಿಡಿಮಿಡಿ ಮಾಡಿ ಕೂರಲಿಲ್ಲ. ಅದೇ ವರ್ಷ ತಾವೇ ಮತ್ತೆ ಧ್ವನಿಮುದ್ರಿಸಿದರು: ಅರ್ಧ ವಾಲ್ಟ್ಸ್, ಇನ್ನರ್ಧ ಓಟ. ಇದನ್ನು ಹೇಳಿದಾಗಲೆಲ್ಲ ಅಜ್ಜ, 'ಮನ್ರೋ ಮಾಡಬಹುದು, ನೀನು ಮನ್ರೋ ಅಲ್ಲ' ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸರಿ, ಈಗ ಸಿಟ್ಟಿನ ವಿಷಯ.

ನನ್ನದೇ ಸಣ್ಣದು ಮೊದಲು ಹೇಳಿ ಮುಗಿಸುತ್ತೇನೆ. ಹೊಸಬರು ಯಾರೇ ಬರಲಿ, 'ಎಲ್ಲಿಯವರು' ಅಂತ ಕೇಳುತ್ತಾರೆ. ಕ್ಯಾರಿ ಅಂದರೆ ನಗುತ್ತಾರೆ. ಉತ್ತರದ ರಾಜ್ಯಗಳಿಂದ ಬಂದವರನ್ನೆಲ್ಲ ಕೂಡಿಹಾಕಿದ ಊರು ಅಂತ ಕ್ಯಾರಿಯ ಮೇಲೆ ಹಳೇ ತಮಾಷೆ ಇದೆ. ಬಿಳಿಯರಾದರೆ ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. ನನಗೆ ಮಾತ್ರ 'ಅಸಲಿಗೆ ಎಲ್ಲಿಯವರು' ಅಂತ ಎರಡನೇ ಪ್ರಶ್ನೆ. ಇದರಿಂದ ನನಗೇನೂ ನೋವಾಗುವುದಿಲ್ಲ. ನಮ್ಮೂರಲ್ಲಿ ಇದಕ್ಕಿಂತ ಜಾಸ್ತಿ ಕೇಳುತ್ತೇವೆ, ಮನೆತನದವರೆಗೂ ಹೋಗುತ್ತೇವೆ. ಕಿರಿಕಿರಿ ಆಗುವುದು ಬೇರೆ ಕಡೆ. ಒಂದು ಸಲ ನಾನು ಬ್ರೇಕಿನಲ್ಲಿ ಕೆಳಗಿನ ಸ್ವರದಿಂದ ಮೇಲಕ್ಕೆ ಜಾರಿಸಿ, ಅಲ್ಲೇ ಎರಡು ಸಲ ಒತ್ತಿ ಬಿಟ್ಟೆ. ಪಕ್ಕದಲ್ಲಿದ್ದವರೊಬ್ಬರು ಬಹಳ ಖುಷಿಯಿಂದ, 'ಆಹಾ, ನಿಮ್ಮ ದೇಶದ್ದು ಬಂತು ನೋಡಿ' ಅಂದರು. ಅದು ನಮ್ಮ ದೇಶದ್ದಲ್ಲ. ಮನ್ರೋದು. ಹಳೇ ರೆಕಾರ್ಡ್ ನಿಧಾನ ಮಾಡಿ ಕೇಳಿ, ಒಂದೊಂದೇ ಸ್ವರ ಹಿಡಿದು ಕಲಿತದ್ದು. ಅದೇ ಜಾರು ಅಜ್ಜನ ಕೈಯಲ್ಲಿ ಬಂದರೆ ಕೆಂಟಕಿ, ನನ್ನ ಕೈಯಲ್ಲಿ ಬಂದರೆ ಇಂಡಿಯಾ. ನನಗೆ ಮೈಸೂರಿನ ಪಿಟೀಲು ಅಭಿಮಾನವೇ. ಟಿ. ಚೌಡಯ್ಯನವರ ಏಳು ತಂತಿಯ ಕಥೆ ಕೇಳಿ ಬೆಳೆದವನು. ಆದರೆ ನಾನು ಆ ಕುರ್ಚಿಯಲ್ಲಿ ಕೂರುವುದು ಬ್ಲೂಗ್ರಾಸ್ ನುಡಿಸಲು. ಬೆರಕೆ ಬೇಕಾದವರು ಬ್ಯಾಂಜೋದ ಬೇಲಾ ಫ್ಲೆಕ್ ಮತ್ತು ತಬಲಾದ ಜಾಕಿರ್ ಹುಸೇನ್ ಒಟ್ಟಿಗೆ ನುಡಿಸಿದ್ದನ್ನು ಕೇಳಲಿ. ಅದ್ಭುತವಾಗಿದೆ, ನನ್ನ ಕೈಯಲ್ಲಿ ಆಗುವಂಥದ್ದಲ್ಲ.

ದೊಡ್ಡ ವಿಷಯ ಇದು. ಒಬ್ಬ ಆಫ್ರಿಕನ್ ಅಮೆರಿಕನ್ ಹುಡುಗ ಕೆಲವು ವಾರ ಜಾಮಿಗೆ ಬಂದ. ಗಿಟಾರ್ ಚೆನ್ನಾಗಿ ನುಡಿಸುತ್ತಿದ್ದ, ಹಳೇ ಫಿಡಲ್ ಮಟ್ಟುಗಳು ಬಾಯಿಪಾಠ. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ಆದರೆ ಅವನ ಸರದಿ ಬಂದಾಗಲೆಲ್ಲ ಯಾರಾದರೊಬ್ಬರು, 'ಒಂದು ಬ್ಲೂಸ್ ಹಾಕ್ತೀಯಾ?' ಅಂತ ಕೇಳುತ್ತಿದ್ದರು. ಬ್ಲೂಸ್ ಅಂದರೆ ಕಪ್ಪು ಜನರದ್ದು ಅಂತ ಎಲ್ಲರೂ ಗುರುತಿಸುವ ಹಾಡಿನ ಪ್ರಕಾರ. ಪ್ರೀತಿಯಿಂದಲೇ ಕೇಳುತ್ತಿದ್ದರು. ಅವನು ಫಿಡಲ್ ಮಟ್ಟಿನ ಹೆಸರು ಹೇಳುತ್ತಿದ್ದ. ಆಮೇಲೆ ಬರುವುದು ನಿಲ್ಲಿಸಿದ.

ಇದು ಯಾಕೆ ನನ್ನನ್ನು ಕೊರೆಯುತ್ತದೆ ಅಂದರೆ, ಆ ವೃತ್ತದ ನಡುವೆ ಜೋರಾಗಿ ಕೇಳುವ ವಾದ್ಯವೇ ಆಫ್ರಿಕಾದ್ದು. ಬ್ಯಾಂಜೋದ ಅಣ್ಣತಮ್ಮಂದಿರು ಪಶ್ಚಿಮ ಆಫ್ರಿಕಾದಲ್ಲಿ ಇನ್ನೂ ಇದ್ದಾರೆ. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ಎಂಬ ವಾದ್ಯ ನೋಡಿ: ಸೋರೆಬುರುಡೆ, ಮೇಲೆ ಚರ್ಮ, ಹೆಬ್ಬೆರಳಿಗೆ ಒಂದು ಗಿಡ್ಡ ತಂತಿ. ಗುಲಾಮರಾಗಿ ಬಂದವರು ಆ ವಿದ್ಯೆಯನ್ನು ಕೈಯಲ್ಲಿ ತಂದರು. ಇದು ಆಫ್ರಿಕಾದಿಂದ ಬಂದ ವಾದ್ಯ ಅಂತ 1780ರ ದಶಕದಲ್ಲೇ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಬರೆದಿದ್ದಾರೆ. ಬಿಳಿಯ ಜನ ಅದನ್ನು ಕಲಿತದ್ದು ಕಪ್ಪು ಜನರಿಂದ. ಬಿಲ್ ಮನ್ರೋ ಹುಡುಗನಾಗಿದ್ದಾಗ ಆರ್ನಲ್ಡ್ ಶುಲ್ಟ್ಜ್ ಎಂಬ ಕಪ್ಪು ಸಂಗೀತಗಾರನ ಜೊತೆ ಕುಣಿತದ ಕೂಟಗಳಲ್ಲಿ ನುಡಿಸಿದ್ದರು. ಅವರಿಂದ ಕಲಿತೆ ಅಂತ ಸ್ವತಃ ಮನ್ರೋ ಹೇಳಿಕೊಂಡಿದ್ದಾರೆ, ಮುಚ್ಚಿಡಲಿಲ್ಲ. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಕಪ್ಪು ಜನರ ಸಂಗೀತಕ್ಕೊಂದು ಪಟ್ಟಿ, ಬಿಳಿಯ ಹಳ್ಳಿಗರ ಸಂಗೀತಕ್ಕೊಂದು ಪಟ್ಟಿ ಮಾಡಿ ಬೇರೆ ಬೇರೆ ಮಾರಿದವು. ಒಂದೇ ಊರಿನಲ್ಲಿ, ಒಂದೇ ಮಟ್ಟು ನುಡಿಸುತ್ತಿದ್ದವರು ಎರಡು ಪಟ್ಟಿಯಾದರು. ಫಿಡಲ್ ನುಡಿಸುವ ಕಪ್ಪು ಮನುಷ್ಯ ಯಾವ ಪಟ್ಟಿಗೂ ಸೇರದೆ ಬಿಟ್ಟುಹೋದ. ಜನ ಆ ಅಂಗಡಿ ಪಟ್ಟಿಯನ್ನೇ ಆಮೇಲೆ ಪರಂಪರೆ ಅಂತ ನಂಬಿದರು.

ನಮ್ಮ ರಾಜ್ಯದಲ್ಲೇ, ಡರಮ್‌ಗೂ ಗ್ರೀನ್ಸ್‌ಬರೋಗೂ ನಡುವಿನ ಮೆಬೇನ್ ಎಂಬ ಊರಿನಲ್ಲಿ, ಜೋ ಥಾಂಪ್ಸನ್ ಎಂಬ ಕಪ್ಪು ಫಿಡಲ್ ವಾದಕ 2012ರವರೆಗೂ ಬದುಕಿದ್ದರು. ಅವರ ಹತ್ತಿರ ಹೋಗಿ ಕಲಿತ ಹುಡುಗರೇ 2005ರಲ್ಲಿ ಕ್ಯಾರೊಲೈನಾ ಚಾಕೊಲೇಟ್ ಡ್ರಾಪ್ಸ್ ತಂಡ ಕಟ್ಟಿದರು. ಅವರಲ್ಲಿ ಒಬ್ಬರು ಗ್ರೀನ್ಸ್‌ಬರೋದ ರಿಯಾನನ್ ಗಿಡೆನ್ಸ್. 2017ರಲ್ಲಿ ರಾಲಿಯಲ್ಲಿ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ಸಮ್ಮೇಳನದ ಮುಖ್ಯ ಭಾಷಣ ಅವರದ್ದೇ. ಬ್ಲೂಗ್ರಾಸ್‌ಗೆ ಬೇರೆ ಬೇರೆ ಜನರನ್ನು ತರುವುದು ಹೇಗೆ ಅಂತ ಕೇಳಬೇಡಿ, ಇದ್ದವರನ್ನು ವಾಪಸ್ ತರುವುದು ಹೇಗೆ ಅಂತ ಕೇಳಿ ಅನ್ನುವುದು ಅವರ ಮಾತಿನ ತಿರುಳು. ಅದನ್ನು ಓದಿದ ಮೇಲೆ ನನಗೆ ನಮ್ಮ ಅಂಗಡಿಯ ವೃತ್ತ ಬೇರೆಯದೇ ಥರ ಕಾಣತೊಡಗಿತು.

ಆ ಹುಡುಗ ಬಿಟ್ಟಾಗ ನಾನು ಅಜ್ಜನನ್ನು ಪಾರ್ಕಿಂಗ್ ಜಾಗದಲ್ಲಿ ಹಿಡಿದು ಕೇಳಿದೆ. 'ನಾವೇನು ಅಂದ್ವಿ ಅವನಿಗೆ?' ಅಂದರು. ಏನೂ ಅನ್ನಲಿಲ್ಲ, ಬ್ಲೂಸ್ ಮಾತ್ರ ಕೇಳಿದಿರಿ, ಅವನು ತಂದದ್ದನ್ನು ಯಾರೂ ಇನ್ನೊಂದು ಸಲ ನುಡಿಸು ಅನ್ನಲಿಲ್ಲ ಅಂದೆ. ಸ್ವಲ್ಪ ಹೊತ್ತು ಬ್ಯಾಂಜೋ ಪೆಟ್ಟಿಗೆಯ ಚಿಲಕ ಹಾಕಿ ತೆಗೆದು ಮಾಡಿದರು. ಆಮೇಲೆ ಒಂದು ಕಥೆ ಹೇಳಿದರು. ತಂಬಾಕು ಎಲೆ ಒಣಗಿಸುವ ಕಾಲದಲ್ಲಿ ಕೊಟ್ಟಿಗೆಯ ಬೆಂಕಿಯನ್ನು ರಾತ್ರಿಯಿಡೀ ಕಾಯಬೇಕಾಗುತ್ತಿತ್ತು. ಅವರ ಅಪ್ಪ ಬ್ಯಾಂಜೋ ಕಲಿತದ್ದು ಹಾಗೆ ಕಾಯುವ ರಾತ್ರಿಗಳಲ್ಲಿ, ಜೊತೆಗೆ ಕಾಯುತ್ತಿದ್ದ ಒಬ್ಬ ಕಪ್ಪು ಕೆಲಸಗಾರನಿಂದ. ಆ ಮನುಷ್ಯನ ಹೆಸರು, ಅವನು ನುಡಿಸುತ್ತಿದ್ದ ಮಟ್ಟುಗಳ ಹೆಸರು, ಎಲ್ಲ ಅಜ್ಜನಿಗೆ ಗೊತ್ತು. ಬಹಳ ಗೌರವದಿಂದ ಹೇಳಿದರು.

ಅಂದರೆ ಗೊತ್ತಿಲ್ಲ ಅಂತಲ್ಲ. ಗೊತ್ತಿದೆ. ನನಗಿಂತ ಚೆನ್ನಾಗಿ ಗೊತ್ತಿದೆ. ಹೊರಗಿನವರು ಈ ಜನರನ್ನು ಏನೂ ತಿಳಿಯದವರು ಅಂತ ಬರೆಯುತ್ತಾರೆ. ಅದು ಸುಳ್ಳು. ಅಪ್ಪನ ಗುರುವಿನ ಮೇಲೆ ಇರುವ ಗೌರವ, ಎದುರಿಗೆ ಗಿಟಾರ್ ಹಿಡಿದು ಕೂತ ಹುಡುಗನವರೆಗೆ ಬರುವುದಿಲ್ಲ. ನನ್ನ ಸಿಟ್ಟು ಅಲ್ಲಿದೆ. ಕಾಹೋನ್ ತಡೆಯುವುದು ಸದ್ದಿನ ವಿಷಯ. ಹುಡುಗನನ್ನು ಬ್ಲೂಸ್ ಕೇಳುವುದು, ನನ್ನ ಜಾರು ಇಂಡಿಯಾದ್ದು ಅನ್ನುವುದು ಮನುಷ್ಯನ ವಿಷಯ. ಎರಡನ್ನೂ ಪರಂಪರೆ ಎಂಬ ಒಂದೇ ಚೀಲಕ್ಕೆ ಹಾಕಿಟ್ಟಿದ್ದಾರೆ. ಒಂದನ್ನು ಪ್ರಶ್ನಿಸಿದರೆ ಇನ್ನೊಂದನ್ನು ಕೆಡಿಸಲು ಬಂದಿದ್ದಾನೆ ಅಂತ ಗಾಬರಿಯಾಗುತ್ತಾರೆ.

ಹಾಡಿನ ಸಾಹಿತ್ಯದಲ್ಲೂ ಇದೇ ಗೋಜಲು. ಹಳೇ ಲಾವಣಿಗಳಲ್ಲಿ ಹುಡುಗಿಯನ್ನು ಹೊಳೆ ದಂಡೆಗೆ ಕರೆದುಕೊಂಡು ಹೋಗಿ ಕೊಲ್ಲುವ ಕಥೆ ಎಷ್ಟು ಬೇಕಾದರೂ ಇದೆ. ಬ್ರಿಟನ್ನಿನಿಂದ ಹಡಗಿನಲ್ಲಿ ಬಂದ ಕಥೆಗಳೂ ಅವುಗಳಲ್ಲಿವೆ. ಮಟ್ಟು ಮಾತ್ರ ಎಷ್ಟು ಚೆನ್ನಾಗಿರುತ್ತದೆ ಅಂದರೆ, ಕೊಲೆ ಮುಗಿದ ಮೇಲೂ ನೀವು ಗುನುಗುತ್ತಾ ಮನೆಗೆ ಹೋಗುತ್ತೀರಿ. ನಮ್ಮ ಜಾಮಿನ ಬಾಸ್ ನುಡಿಸುವ ಹೆಂಗಸು ಒಂದು ದಿನ ಅಂಥ ಹಾಡಿನ ಹೆಸರು ಕೇಳಿ ಬಾಸನ್ನು ಗೋಡೆಗೆ ಒರಗಿಸಿ ಕಾಫಿ ತರಲು ಹೋದರು. ಭಾಷಣ ಏನೂ ಮಾಡಲಿಲ್ಲ. ಬಾಸ್ ಇಲ್ಲದೆ ಹಾಡು ಎರಡನೇ ಚರಣಕ್ಕೆ ಕುಸಿಯಿತು. ಈಗ ಅವರಿದ್ದಾಗ ಯಾರೂ ಆ ಹಾಡು ತೆಗೆಯುವುದಿಲ್ಲ. ಯಾವ ಚರ್ಚೆಯಿಂದಲೂ ಇಷ್ಟು ಬೇಗ ಕೆಲಸ ಆಗುತ್ತಿರಲಿಲ್ಲ.

ಜಾಮಿನಲ್ಲಿ ಬರುವ ಏಸುವಿನ ಹಾಡುಗಳ ಬಗ್ಗೆ ನನ್ನನ್ನು ಇಲ್ಲಿಯವರು ಜಾಸ್ತಿ ಕೇಳುತ್ತಾರೆ. ಹೌದು, ಹಾಡುತ್ತೇನೆ. ಮೇಲಿನ ದನಿ ನನ್ನದೇ. ಅದರಿಂದ ಅವರಿಗೂ ತೊಂದರೆಯಾಗಿಲ್ಲ, ನನಗೂ ಇಲ್ಲ.

ನಮ್ಮ ಕಡೆಯವರ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ಅನ್ಯಾಯ. ನಾನು ಅಲ್ಲಿಗೆ ಹೋಗುತ್ತೇನೆ ಅಂದರೆ ಕ್ಯಾರಿಯ ಗೆಳೆಯರು ಮೊದಲು ಕೇಳುವುದು, 'ಆ ಕಡೆ ಸೇಫಾ?' ಎರಡನೆಯದು, 'ಹಳ್ಳಿಗಮಾರರ ಹಾಡು ಅಲ್ವಾ ಅದು?' ಎಷ್ಟೋ ವರ್ಷದಿಂದ ಆ ಮಣ್ಣಿನಲ್ಲಿ ಮನೆ ಕಟ್ಟಿಕೊಂಡು ಇದ್ದೇವೆ. ಅಲ್ಲಿಯ ತಂಬಾಕು ಹೊಲಗಳನ್ನು ಸಮ ಮಾಡಿ ಎದ್ದ ಬಡಾವಣೆಗಳಲ್ಲೇ ನಮ್ಮ ಮನೆ. ಆ ಹೊಲದಲ್ಲಿ ದುಡಿದವರು ಏನು ಹಾಡುತ್ತಿದ್ದರು ಅಂತ ಒಂದು ಸಂಜೆಯೂ ಕೇಳಿಲ್ಲ.

ಹಾಗೇ, ಬಾಗಿಲು ಕಾಯುವ ಕೆಲಸ ನಮಗೇನು ಹೊಸದೇ? ಇಲ್ಲೇ ಪಕ್ಕದ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರನ್ನು ನೆನೆಸಿಕೊಳ್ಳಿ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿತ್ತು. ತಮ್ಮ ಆಸ್ತಿ ಸುರಿದು ಅಲ್ಲಿ ಗುಡಿ ಕಟ್ಟಿಸಿದರು. ಆಮೇಲೆ ಅದೇ ಜಾಗದ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿಲ್ಲ ಅಂದರು. ಅದರಲ್ಲೂ ದೇವದಾಸಿ ಮನೆತನದವರು. ನಾಗರತ್ನಮ್ಮ ಅಳುತ್ತಾ ಕೂರಲಿಲ್ಲ. ಹೆಂಗಸರದ್ದೇ ಬೇರೆ ಆರಾಧನೆ ಶುರು ಮಾಡಿದರು. 1940ರ ಹೊತ್ತಿಗೆ ಬೇರೆ ಬೇರೆಯಾಗಿ ಆರಾಧನೆ ಮಾಡುತ್ತಿದ್ದ ಗುಂಪುಗಳು ಒಂದಾದವು. ಇದನ್ನು ನಾನು ಜಾಮಿನಲ್ಲಿ ಒಮ್ಮೆ ಹೇಳಿದೆ. ಎಲ್ಲರಿಗಿಂತ ಜಾಸ್ತಿ ತಲೆದೂಗಿದ್ದು ಬಾಸಿನ ಹೆಂಗಸು.

ರಾಲಿಯಲ್ಲಿ 2013ರಿಂದ 2024ರವರೆಗೆ ಬ್ಲೂಗ್ರಾಸ್ ಸಂಘದ ಆ ದೊಡ್ಡ ಸಮ್ಮೇಳನ ನಡೆಯಿತು. ಪೇಟೆಯ ನಡುವಿನ ಫಯೆಟ್‌ವಿಲ್ ಬೀದಿಯನ್ನು ಮುಚ್ಚಿ ವೇದಿಕೆ ಹಾಕುತ್ತಿದ್ದರು, ಪುಕ್ಕಟೆ. ನನಗೆ ವೇದಿಕೆಗಿಂತ ಹೋಟೆಲಿನ ಕಾರಿಡಾರುಗಳು ಇಷ್ಟ. ಲಿಫ್ಟಿನ ಪಕ್ಕ ಒಂದು ಜಾಮ್, ಮೆಟ್ಟಿಲ ಮೇಲೆ ಇನ್ನೊಂದು, ಜಪಾನಿನಿಂದ ಬಂದವರ ಜೊತೆ ಟೆನಸಿಯ ಹುಡುಗಿಯರು. ಅಲ್ಲಿ 2016ರಲ್ಲಿ 'ಶೌಟ್ ಆ್ಯಂಡ್ ಶೈನ್' ಅಂತ ಒಂದು ಕಾರ್ಯಕ್ರಮ ಶುರುವಾಯಿತು. ಟ್ರಾನ್ಸ್‌ಜೆಂಡರ್ ಜನ ಯಾವ ಶೌಚಾಲಯಕ್ಕೆ ಹೋಗಬೇಕು ಅಂತ ರಾಜ್ಯ ಸರ್ಕಾರ ಆ ವರ್ಷ ಕಾನೂನು ಮಾಡಿತ್ತು. ಅದಕ್ಕೆ ಉತ್ತರವಾಗಿ, ಬ್ಲೂಗ್ರಾಸ್ ಎಲ್ಲ ಥರದ ಜನರದ್ದು ಅಂತ ತೋರಿಸುವ ಕಛೇರಿ. 2017ರಲ್ಲಿ ಮಾಲಿ ಟಟಲ್ ಸಂಘದ ವರ್ಷದ ಗಿಟಾರ್ ವಾದಕ ಪ್ರಶಸ್ತಿ ಪಡೆದ ಮೊದಲ ಹೆಂಗಸಾದರು. ಮೇಲಿನ ಹಂತದಲ್ಲಿ ಗಾಳಿ ಬದಲಾಗಿದೆ. 2025ಕ್ಕೆ ಸಮ್ಮೇಳನ ಟೆನಸಿಯ ಚಾಟನೂಗಾಕ್ಕೆ ಹೋಯಿತು. ನಮ್ಮ ಅಂಗಡಿಯ ಜಾಮ್ ಎಲ್ಲಿಗೂ ಹೋಗಲಿಲ್ಲ, ಇದ್ದಲ್ಲೇ ಇದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: ಇಷ್ಟೆಲ್ಲ ತಕರಾರು ಇದ್ದರೆ ನಿಮ್ಮದೇ ಒಂದು ಜಾಮ್ ಶುರು ಮಾಡಬಾರದಾ, ನಾಗರತ್ನಮ್ಮನವರ ಹಾಗೆ?

ಸಾರ್, ಶುರುವಾಗಿದೆ. ನಾನು ಮಾಡಿದ್ದಲ್ಲ, ಆ ಬಾಸಿನವರು ಮಾಡಿದ್ದು. ತಿಂಗಳಿಗೊಂದು ಭಾನುವಾರ, ಅವರ ಮನೆಯ ಗ್ಯಾರೇಜಿನಲ್ಲಿ. ಎಲ್ಲ ಥರದವರೂ ಬರುತ್ತಾರೆ. ಬ್ಲೂಸ್ ಹುಡುಗ ಅಂತ ನಾವು ಕಳೆದುಕೊಂಡ ಆ ಗಿಟಾರಿನವನೂ ಬರುತ್ತಾನೆ, ಫಿಡಲ್ ಮಟ್ಟು ನುಡಿಸುತ್ತಾನೆ, ಇನ್ನೊಂದು ಸಲ ಅಂತ ಕೇಳಿಸಿಕೊಳ್ಳುತ್ತಾನೆ. ಆದರೆ ಒಂದು ನಿಜ ಹೇಳಬೇಕು. ಅಲ್ಲಿ ಯಾರೂ ಯಾರಿಗೂ ತಪ್ಪು ಅನ್ನುವುದಿಲ್ಲ. ನನ್ನ ಚಾಪ್ ಓಡಿದರೆ 'ಹೂಂ' ಅನ್ನುವವರಿಲ್ಲ. ತುಂಬಾ ಚೆನ್ನಾಗಿತ್ತು ಅನ್ನುತ್ತಾರೆ. ಚೆನ್ನಾಗಿರುವುದಿಲ್ಲ. ಎರಡು ಹಾಡು ಆಗುವಷ್ಟರಲ್ಲಿ ತಾಳ ಎತ್ತಲೋ ಹೋಗಿರುತ್ತದೆ. ಹಾಗಾಗಿ ನಾನು ಎರಡು ಕಡೆಯೂ ಹೋಗುತ್ತೇನೆ.

ಇಲ್ಲಿಗೆ ಹೊರಡುವ ಮುಂಚೆ ಅಜ್ಜನನ್ನು ಭಾನುವಾರದ ಜಾಮಿಗೆ ಕರೆದೆ. ಯಾರು ಯಾರು ಬರುತ್ತಾರೆ ಅಂತ ಕೇಳುತ್ತಾರೇನೋ ಅಂದುಕೊಂಡಿದ್ದೆ. ಕೇಳಲಿಲ್ಲ. 'ಡ್ರಮ್ಮು ಗಿಮ್ಮು ಇಲ್ಲ ತಾನೆ?' ಅಂದರು. ಇಲ್ಲ ಅಂದೆ. ಕಾಹೋನ್ ತಂದಿದ್ದ ಆಸಾಮಿಯೂ ಅಲ್ಲಿಗೆ ಬರುತ್ತಾನೆ ಅಂತ ಇನ್ನೂ ಹೇಳಿಲ್ಲ. ಅವನ ವಿಷಯದಲ್ಲಿ ಅಜ್ಜನದೂ ನನ್ನದೂ ಒಂದೇ ಮಾತು, ಆದರೆ ಗ್ಯಾರೇಜ್ ನಮ್ಮದಲ್ಲ.